ಕರೆಯನ್ನು ತಿಳಿಯಲು ಎಂಟು ದಿನ: ಒಂದು ಮೌನ ಧ್ಯಾನಕೂಟದ ವಿಮರ್ಶೆ

ಧ್ಯಾನಕೂಟಕ್ಕೆ ಹೊರಟಾಗ ನನ್ನ ಚೀಲದಲ್ಲಿ ಸತ್ಯವೇದ, ಒಂದು ನೋಟ್‌ಪುಸ್ತಕ ಮತ್ತು ಬಟ್ಟೆಗಳ ಜೊತೆಗೆ, ಸಹಿ ಹಾಕಿ ಲಕೋಟೆಗೆ ಸೇರಿಸಿದ್ದ ರಾಜೀನಾಮೆ ಪತ್ರವೂ ಇತ್ತು. ಹದಿನೆಂಟು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದ ನಾನು ಉದ್ಯೋಗ ಬಿಟ್ಟು ಕ್ರೈಸ್ತ ಸಭೆಯ ಪೂರ್ಣಾವಧಿ ಸೇವೆಗೆ ಇಳಿಯುವುದೆಂದು ನಿಶ್ಚಯಿಸಿಕೊಂಡಿದ್ದೆ. ದೇವರ ಕಡೆಯಿಂದ ಒಂದು ದೃಢೀಕರಣ ಸಿಕ್ಕಿಬಿಟ್ಟರೆ ಮರಳಿ ಬಂದ ದಿನವೇ ಪತ್ರವನ್ನು ಮೇಲಧಿಕಾರಿಯ ಮೇಜಿನ ಮೇಲಿಡುವುದು ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಧ್ಯಾನಕೇಂದ್ರದ ಕರಪತ್ರವೂ ಅಂಥ ನಿರೀಕ್ಷೆಗೆ ಇಂಬು ಕೊಟ್ಟಿತ್ತು. ಎಂಟು ದಿನಗಳ ಮೌನದಲ್ಲಿ ನಿಮ್ಮ ಬದುಕಿಗೆ ದೇವರಿಟ್ಟಿರುವ ಕರೆಯನ್ನು ಕಂಡುಕೊಳ್ಳಿರಿ ಎಂದು ಅದರ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಕೇಂದ್ರದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮುಂದೆ ಕೆಲವು ದೂರುಗಳನ್ನು ಹೇಳಲಿದ್ದೇನೆ ಎಂಬುದು ಅದಕ್ಕೆ ಒಂದು ಕಾರಣ. ಇಂಥ ಕೂಟಗಳು ಎಲ್ಲೇ ನಡೆದರೂ ಅವುಗಳ ಕ್ರಮ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಹೋಗಲೋ ಬೇಡವೋ ಎಂದು ತೂಗಿ ನೋಡುತ್ತಿರುವವರಿಗೆ ಹೆಸರಿಗಿಂತ ಆ ಕ್ರಮದ ಪರಿಚಯವೇ ಹೆಚ್ಚು ಉಪಯುಕ್ತ ಎಂಬುದು ಇನ್ನೊಂದು.

ಕ್ರಮವನ್ನು ರೂಪಿಸಿದವರು ಕಥೋಲಿಕ ಗುರುಗಳ ಸಂಘವಾದ ಯೇಸುಸಭೆಯ ಸಂಸ್ಥಾಪಕ ಇಗ್ನೇಷಿಯಸ್ ಲೊಯೋಲಾ. 1521ರ ಮೇ ತಿಂಗಳಲ್ಲಿ ಸ್ಪೇನಿನ ಪಂಪ್ಲೋನಾ ಕೋಟೆಯ ರಕ್ಷಣೆಗೆ ನಿಂತಿದ್ದ ಈ ಯೋಧನ ಕಾಲಿಗೆ ಫಿರಂಗಿ ಗುಂಡು ಬಡಿದು, ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾಯಿತು. ಓದಬೇಕೆಂದು ಬಯಸಿದ ವೀರಯೋಧರ ಸಾಹಸಕಥೆಗಳು ಮನೆಯಲ್ಲಿ ಸಿಗಲಿಲ್ಲ. ಕೈಗೆ ಬಂದದ್ದು ಕ್ರಿಸ್ತನ ಜೀವನಚರಿತ್ರೆ ಮತ್ತು ಸಂತರ ಕಥೆಗಳು. ಆಸ್ಥಾನದ ಕೀರ್ತಿಯ ಹಗಲುಗನಸು ಕಾಣುವಷ್ಟು ಹೊತ್ತು ಹಿತವಾಗಿದ್ದರೂ ಮುಗಿದ ಮೇಲೆ ಮನಸ್ಸು ಒಣಗಿದಂತಾಗುತ್ತಿತ್ತು, ಸಂತರಂತೆ ಬಾಳುವ ಕನಸು ಮಾತ್ರ ಮುಗಿದ ಮೇಲೂ ಸಂತೋಷವನ್ನು ಉಳಿಸಿ ಹೋಗುತ್ತಿತ್ತು. ಮಲಗಿದಲ್ಲೇ ಆತ ಗುರುತಿಸಿದ ಈ ವ್ಯತ್ಯಾಸದಿಂದಲೇ ಇಡೀ ಪದ್ಧತಿ ಹುಟ್ಟಿತು. ಮರುವರ್ಷ ಮನ್ರೇಸಾ ಪಟ್ಟಣದಲ್ಲಿ ಪ್ರಾರ್ಥನೆಯಲ್ಲಿ ಕಳೆದ ತಿಂಗಳುಗಳಲ್ಲಿ ಬರೆದುಕೊಂಡ ಟಿಪ್ಪಣಿಗಳು ಬೆಳೆದು, 1548ರಲ್ಲಿ ಪೋಪ್ ಮೂರನೆಯ ಪೌಲರ ಅನುಮೋದನೆ ಪಡೆದವು. ಮೂಲರೂಪದಲ್ಲಿ ಇದು ನಾಲ್ಕು ವಾರಗಳೆಂದು ವಿಂಗಡಿಸಿದ, ಸುಮಾರು 30 ದಿನಗಳ ಸಾಧನೆ. ಎಂಟು ದಿನಗಳ ಕೂಟವು ಅದರ ಸಂಕ್ಷಿಪ್ತ ರೂಪ. ನಾನು ಪ್ರೊಟೆಸ್ಟಂಟ್ ಮನೆಯಲ್ಲಿ ಬೆಳೆದವನಾದ್ದರಿಂದ ಮೊದಲಿಗೆ ಸ್ವಲ್ಪ ಅಳುಕಿತ್ತು. ದಿನವಿಡೀ ನನ್ನ ಕೈಯಲ್ಲಿ ಸತ್ಯವೇದವಲ್ಲದೆ ಬೇರೇನೂ ಇರುವುದಿಲ್ಲ ಎಂದು ತಿಳಿದ ಮೇಲೆ ಆ ಅಳುಕು ಎರಡನೆಯ ದಿನಕ್ಕೇ ಕರಗಿತು.

ದಿನಚರಿ ಹೀಗಿತ್ತು. ತಲಾ ಒಂದು ಗಂಟೆಯಂತೆ ದಿನಕ್ಕೆ ನಾಲ್ಕು ಸಲ ಪ್ರಾರ್ಥನೆ. ಪ್ರತಿಯೊಂದರ ನಂತರ ಕಾಲು ಗಂಟೆ, ಆ ಗಂಟೆಯಲ್ಲಿ ಮನಸ್ಸಿನಲ್ಲಿ ಏನೇನು ಹಾದುಹೋಯಿತು ಎಂದು ಹಿಂತಿರುಗಿ ನೋಡಿ ಬರೆದುಕೊಳ್ಳುವುದು. ದಿನಕ್ಕೊಮ್ಮೆ ಮಾರ್ಗದರ್ಶಕರೊಂದಿಗೆ ಅರ್ಧ ಗಂಟೆಯ ಭೇಟಿ. ಮಾರ್ಗದರ್ಶಕರನ್ನು ಬಿಟ್ಟರೆ ಬೇರೆ ಯಾರೊಂದಿಗೂ ಮಾತಿಲ್ಲ. ಮೊಬೈಲನ್ನು ಮೊದಲ ಸಂಜೆಯೇ ಒಪ್ಪಿಸಬೇಕು. ಕೊಠಡಿಯ ವಿಷಯದಲ್ಲಿ ಹೆಚ್ಚು ಹೇಳುವಂಥದ್ದೇನೂ ಇಲ್ಲ. ಶುಚಿಯಾಗಿತ್ತು, ಕಿಟಕಿ ದೊಡ್ಡದಿತ್ತು, ಪಕ್ಕದ ಕೊಠಡಿಯವರ ಕೆಮ್ಮು ಗೋಡೆ ದಾಟಿ ಕೇಳುತ್ತಿತ್ತು. ಗಡಿಯಾರದ ಕಥೆಯನ್ನು ಮಾತ್ರ ಹೇಳಲೇಬೇಕು. ಮೇಜಿನ ಮೇಲೆ ಕೀಲಿ ಕೊಡುವ ಹಳೆಯ ಅಲಾರಂ ಗಡಿಯಾರವೊಂದಿತ್ತು, ಅದರ ಟಿಕ್‌ ಟಿಕ್‌ ಸದ್ದು ಮೌನದಲ್ಲಿ ಸುತ್ತಿಗೆಯ ಪೆಟ್ಟಿನಂತೆ ಕೇಳುತ್ತಿತ್ತು. ಮೊದಲ ದಿನ ಅದನ್ನು ಟವೆಲಿನಲ್ಲಿ ಸುತ್ತಿ ಕಪಾಟಿನೊಳಗಿಟ್ಟೆ. ಆಮೇಲೆ ಸಮಯ ಎಷ್ಟಾಯಿತೆಂದು ನೋಡಲು ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋಗಿ ಕಪಾಟು ತೆರೆಯತೊಡಗಿದೆ. ಪ್ರಾರ್ಥನೆ ಸಪ್ಪೆಯೆನಿಸಿದಾಗ ಗಂಟೆಯನ್ನು ಮೊಟಕುಗೊಳಿಸದೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಕೂತಿರಬೇಕೆಂಬುದು ಇಗ್ನೇಷಿಯಸರ ಸೂಚನೆ. ಮೂರು ಸಲ ನಲವತ್ತು ನಿಮಿಷಕ್ಕೇ ಎದ್ದುಬಿಟ್ಟಿದ್ದ ನನಗೆ ಆ ಸೂಚನೆಯನ್ನು ಮಾರ್ಗದರ್ಶಕರು ನಗುತ್ತಲೇ ನೆನಪಿಸಿದರು.

ಈ ಸೇವೆಯ ಬೆಲೆಯೆಲ್ಲ ಇರುವುದು ಮಾರ್ಗದರ್ಶಕರಲ್ಲಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ನನಗೆ ದೊರೆತವರು ವಯಸ್ಸಾದ ಒಬ್ಬ ಗುರುಗಳು. ಎದುರುಬದುರು ಕೂರದೆ, ಕುರ್ಚಿಯನ್ನು ಸ್ವಲ್ಪ ಓರೆಯಾಗಿ ಕಿಟಕಿಯತ್ತ ತಿರುಗಿಸಿಕೊಂಡು ಕೂರುತ್ತಿದ್ದರು. ನಾನು ಮಾತು ನಿಲ್ಲಿಸಿದರೂ ಅವರಿಗೆ ಅವಸರವಿರುತ್ತಿರಲಿಲ್ಲ. ಮೊದಲ ಭೇಟಿಯಲ್ಲೇ ರಾಜೀನಾಮೆಯ ವಿಷಯ ತಿಳಿಸಿ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದೆ. ಅಭಿಪ್ರಾಯ ಹೇಳುವುದು ತಮ್ಮ ಕೆಲಸವಲ್ಲ ಎಂದರು. ಅದು ಜಾರಿಕೊಳ್ಳುವ ಉತ್ತರವಾಗಿರಲಿಲ್ಲ. ಮಾರ್ಗದರ್ಶಕನು ಯಾವ ಕಡೆಗೂ ವಾಲದೆ ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಬೇಕು, ಸೃಷ್ಟಿಕರ್ತನು ತನ್ನ ಸೃಷ್ಟಿಯೊಂದಿಗೆ ನೇರವಾಗಿ ವ್ಯವಹರಿಸಲು ಬಿಡಬೇಕು ಎಂಬುದು ಈ ಪದ್ಧತಿಯ ಮೂಲನಿಯಮಗಳಲ್ಲಿ ಒಂದು. ಆ ರಾತ್ರಿ ಅವರು ಓದಲು ಕೊಟ್ಟದ್ದು ಸಮುವೇಲನ ಮೊದಲನೆಯ ಗ್ರಂಥದ ಮೂರನೆಯ ಅಧ್ಯಾಯ. ಭಾನುವಾರದ ಶಾಲೆಯಿಂದಲೂ ಬಾಯಿಪಾಠವಾಗಿದ್ದ ಆ ಕಥೆಯಲ್ಲಿ ನಾನು ಯಾವಾಗಲೂ ಬಾಲಕ ಸಮುವೇಲನನ್ನೇ ನೋಡಿದ್ದೆ. ವೃದ್ಧ ಯಾಜಕ ಏಲಿಯನ್ನು ಗಮನಿಸಿದ್ದು ಅದೇ ಮೊದಲು. ರಾತ್ರಿ ತನ್ನ ಹೆಸರು ಹಿಡಿದು ಕರೆದದ್ದು ಏಲಿಯೇ ಎಂದುಕೊಂಡು ಹುಡುಗನು ಮೂರು ಸಲ ಆತನ ಬಳಿಗೆ ಓಡಿ ಬಂದಾಗ, ಕರೆಯುತ್ತಿರುವವರು ದೇವರೆಂದು ಆತನಿಗೆ ಹೊಳೆದದ್ದು ಮೂರನೆಯ ಸಲ. ಆಗಲೂ ದೇವರು ಏನು ಹೇಳಬಹುದೆಂದು ಆತ ಊಹಿಸಿ ತಿಳಿಸಲಿಲ್ಲ. ಹೋಗಿ ಮಲಗು, ಮತ್ತೆ ಕರೆದರೆ ಕೇಳಿಸಿಕೊಳ್ಳುತ್ತಿದ್ದೇನೆಂದು ಉತ್ತರ ಕೊಡು ಎಂದಷ್ಟೇ ಹೇಳಿ ಕಳುಹಿಸಿದ. ನಮ್ಮ ಸಭೆಗಳಲ್ಲಿ ಇನ್ನೊಬ್ಬರ ಕರೆಯನ್ನು ಅವರಿಗಿಂತ ಮೊದಲೇ ತಿಳಿದುಕೊಂಡು ಪ್ರವಾದನೆಯಂತೆ ನುಡಿಯುವವರಿಗೆ ಕೊರತೆಯಿಲ್ಲ. ಹೋಗಿ ಮಲಗು ಎನ್ನುವವರು ನನಗೆ ಸಿಕ್ಕಿದ್ದು ಇದೇ ಮೊದಲು.

ಮೂರನೆಯ ದಿನ ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ಬಿರುಗಾಳಿಯ ಪ್ರಸಂಗ ಕೊಟ್ಟರು. ಈ ಪದ್ಧತಿಯಲ್ಲಿ ವಾಕ್ಯವನ್ನು ಓದಿ ಅರ್ಥ ಹುಡುಕುವುದಕ್ಕಿಂತ ದೃಶ್ಯದೊಳಗೆ ಹೋಗಿ ನಿಲ್ಲುವುದು ಮುಖ್ಯ: ದೋಣಿಯ ಅಗಲವೆಷ್ಟು, ನೀರು ಎಲ್ಲಿಯವರೆಗೆ ಬಂದಿದೆ, ನೀವು ಎಲ್ಲಿ ಕೂತಿದ್ದೀರಿ. ದೇವರ ವಾಕ್ಯಕ್ಕೆ ನಮ್ಮ ಕಲ್ಪನೆಯನ್ನು ಬೆರೆಸುವುದು ಸರಿಯೇ ಎಂಬ ಪ್ರಶ್ನೆ ನನಗಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಹೇಳಿದಂತೆ ಮಾಡಿದೆ. ಯೇಸುಸ್ವಾಮಿ ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದರು. ನಾನು ಅವರಿಂದ ಒಂದು ಮೊಳ ದೂರದಲ್ಲಿ ಮಂಡಿಯೂರಿ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದೆ. ಗಂಟೆ ಮುಗಿಯುವವರೆಗೂ ಮೊಗೆದೆ. ಶಿಷ್ಯರು ಕಡೇಪಕ್ಷ ಅವರನ್ನು ಎಬ್ಬಿಸಿದರು, ಮುಳುಗುತ್ತಿರುವುದರ ಬಗ್ಗೆ ನಿಮಗೆ ಚಿಂತೆಯಿಲ್ಲವೇ ಎಂದು ದೂರಿದರು. ನನಗೆ ಮಾತ್ರ ಎಬ್ಬಿಸಬೇಕೆಂದು ಅನಿಸಲೇ ಇಲ್ಲ. ಅವರಾಗಿಯೇ ಎದ್ದಾಗ ದೋಣಿಯಲ್ಲಿ ನೀರೇ ಇರದಂತೆ ಮಾಡಿ, ಒಂದು ಭೇಷ್ ಎನಿಸಿಕೊಳ್ಳುವ ಆಸೆ ನನ್ನದಾಗಿತ್ತು. ದೇವರನ್ನು ನಂಬುತ್ತೇನೆಂದು ವರ್ಷಗಳಿಂದ ಸಾಕ್ಷಿ ಹೇಳುತ್ತಾ ಬಂದವನಿಗೆ ಈ ಸಣ್ಣ ಶೋಧ ಸಾಕಷ್ಟು ಕಸಿವಿಸಿ ಉಂಟುಮಾಡಿತು. ಉದ್ಯೋಗ ಬಿಟ್ಟು ಸೇವೆಗಿಳಿಯುವುದನ್ನು ನಾನು ವಿಶ್ವಾಸದ ಹೆಜ್ಜೆ ಎಂದು ಕರೆಯುತ್ತಿದ್ದೆನಲ್ಲ, ಅದೂ ಅದೇ ಮೊಗೆಯುವ ಕೆಲಸದ ಇನ್ನೊಂದು ಪಾಳಿಯೇ ಇರಬಹುದೆಂಬ ಸಂಶಯ ಆಗ ಮೊಳೆಯಿತು.

ನಾಲ್ಕನೆಯ ದಿನ ನಿರ್ಧಾರದ ಎರಡು ಪಟ್ಟಿಗಳನ್ನು ಬರೆಯುವ ಸಾಧನೆ. ಬಿಡುವುದಕ್ಕೆ ಕಾರಣಗಳೇನು, ಉಳಿಯುವುದಕ್ಕೆ ಕಾರಣಗಳೇನು. ಗುರುತು ಪರಿಚಯವಿಲ್ಲದ ಯಾರೋ ಇದೇ ಪ್ರಶ್ನೆಯನ್ನು ತಂದರೆ ಅವರಿಗೆ ಏನು ಹೇಳುತ್ತೀರಿ. ಸಾಯುವ ಗಳಿಗೆಯಲ್ಲಿ ನಿಂತು ನೋಡಿದರೆ ಯಾವುದನ್ನು ಆರಿಸಿಕೊಂಡಿರಬೇಕಿತ್ತೆಂದು ಅನಿಸುತ್ತದೆ. ಲೆಕ್ಕದವನಾದ ನನಗೆ ಇದು ನೀರು ಕುಡಿದಷ್ಟು ಸುಲಭ. ಬಿಡುವ ಕಡೆ ಹನ್ನೊಂದು ಅಂಶಗಳು, ಉಳಿಯುವ ಕಡೆ ನಾಲ್ಕು. ಗೆರೆ ಎಳೆದು, ಕೂಡಿ, ಗುರುಗಳ ಮುಂದೆ ಇಟ್ಟೆ. ಅವರು ಎರಡು ಸಲ ಓದಿ, ಇದರಲ್ಲಿ ಬೇರೆಯವರು ಓದಬಾರದೆಂದು ನಿಮಗೆ ಅನಿಸುವ ಸಾಲು ಯಾವುದು ಎಂದು ಕೇಳಿದರು. ಬಹಳ ಹೊತ್ತು ಸುಮ್ಮನಿದ್ದೆ. ಆ ಸಾಲು ಪಟ್ಟಿಯಲ್ಲಿ ಇರಲೇ ಇಲ್ಲ. ನನಗಿಂತ ಆರು ವರ್ಷ ಕಿರಿಯನೊಬ್ಬನಿಗೆ ನನಗೆ ಬರಬೇಕಾಗಿದ್ದ ಬಡ್ತಿ ದೊರೆತಿತ್ತು. ಅದಾದ ಮೂರನೆಯ ವಾರದಲ್ಲಿ ನನಗೆ ದೇವರ ಕರೆ ಕೇಳಿಸಿತ್ತು. ಇದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲ ಸಲ. ಗುರುಗಳು ಉಪದೇಶ ಮಾಡಲಿಲ್ಲ. ಹಾಗೆಂದ ಮಾತ್ರಕ್ಕೆ ಕರೆ ಸುಳ್ಳೆಂದು ಅರ್ಥವಲ್ಲ, ದೇವರು ನೋವಿನ ಮೂಲಕವೂ ಮಾತನಾಡುವುದುಂಟು ಎಂದರು. ಆದರೆ ಮನಸ್ಸು ಕತ್ತಲೆಯಲ್ಲಿ, ಬರಡುತನದಲ್ಲಿ ಇರುವಾಗ ಹಿಂದಿನ ನಿರ್ಧಾರವನ್ನು ಬದಲಿಸಬಾರದು ಎಂಬ ನಿಯಮವನ್ನು ತಿಳಿಸಿ, ನಿಮ್ಮ ಪತ್ರವನ್ನು ಯಾವ ತಿಂಗಳಲ್ಲಿ ಬರೆದಿರಿ ಎಂದು ಕೇಳಿದರು. ಉತ್ತರ ಇಬ್ಬರಿಗೂ ಗೊತ್ತಿತ್ತು.

ಮರುದಿನದ ಪಾಠ ಯೋಹಾನನ ಕೊನೆಯ ಅಧ್ಯಾಯ. ಪುನರುತ್ಥಾನದ ನಂತರ ಸಮುದ್ರದ ದಡದಲ್ಲಿ ಯೇಸುಸ್ವಾಮಿ ಪೇತ್ರನಿಗೆ ತನ್ನನ್ನು ಹಿಂಬಾಲಿಸುವಂತೆ ಹೇಳುತ್ತಾರೆ, ಪೇತ್ರನು ಹಿಂತಿರುಗಿ ಇನ್ನೊಬ್ಬ ಶಿಷ್ಯನನ್ನು ನೋಡಿ ಅವನ ವಿಷಯವೇನು ಎನ್ನುತ್ತಾನೆ, ಅದರಿಂದ ನಿನಗೇನು ಎಂಬ ಉತ್ತರ ಬರುತ್ತದೆ. ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದ ಮಾತು. ಆ ಗಂಟೆಯಲ್ಲಿ ಗಡಿಯಾರ ನೋಡಲು ನಾನು ಏಳಲಿಲ್ಲ ಎಂದಷ್ಟೇ ಹೇಳುತ್ತೇನೆ.

ಇನ್ನು ದೂರುಗಳು. ಮೊದಲನೆಯದು ಸಂಜೆಯ ಸಾಮೂಹಿಕ ಪ್ರವಚನಗಳು. ದಿನವಿಡೀ ಒಬ್ಬೊಬ್ಬರನ್ನೂ ದೇವರ ಮುಂದೆ ಒಂಟಿಯಾಗಿ ಬಿಟ್ಟು, ಸಂಜೆ ಎಲ್ಲರನ್ನೂ ಕೂಡಿಸಿ ಮೈಕಿನಲ್ಲಿ ಮುಕ್ಕಾಲು ಗಂಟೆ ಮಾತನಾಡುವುದರ ಔಚಿತ್ಯ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ತಿಳಿವಳಿಕೆಯ ರಾಶಿಯು ಆತ್ಮವನ್ನು ತಣಿಸುವುದಿಲ್ಲ, ಒಳಗೆ ಅನುಭವಿಸಿ ಸವಿಯುವುದೇ ತಣಿಸುತ್ತದೆ ಎಂಬುದು ಈ ಪದ್ಧತಿಯ ಮೊದಲ ಸೂಚನೆಗಳಲ್ಲೇ ಬರುತ್ತದೆ. ಪ್ರವಚನಕಾರರು ಅದನ್ನು ಮರೆತಂತಿತ್ತು. ಒಂದು ಸಂಜೆ ಯೆರೆಮೀಯ 29ರ 11ನೆಯ ವಚನವನ್ನು, ದೇವರು ನಮಗಾಗಿ ಇಟ್ಟುಕೊಂಡಿರುವ ಹಿತದ ಆಲೋಚನೆಗಳ ಆ ಪ್ರಸಿದ್ಧ ವಚನವನ್ನು ತೆಗೆದುಕೊಂಡು, ನಿಮ್ಮ ಬಾಗಿಲು ಈ ವರ್ಷವೇ ತೆರೆಯುತ್ತದೆ ಎಂದು ಘೋಷಿಸಿದರು. ಆ ಮಾತು ಬರುವುದು ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಬರೆದ ಪತ್ರದಲ್ಲಿ. ಅದೇ ಪತ್ರದಲ್ಲಿ ಸ್ವಲ್ಪ ಮೇಲೆ, ಅಲ್ಲೇ ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿಕೊಳ್ಳಿರಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬ ಆಜ್ಞೆಯಿದೆ; ಬಿಡುಗಡೆಗೆ 70 ವರ್ಷಗಳ ಲೆಕ್ಕವಿದೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರಿದವನು ಹಿಂದಿನ ಅಧ್ಯಾಯದ ಹನನ್ಯ, ಅವನನ್ನು ಗ್ರಂಥವು ಸುಳ್ಳು ಪ್ರವಾದಿಯೆಂದು ತೋರಿಸುತ್ತದೆ. ಆ ಪತ್ರವನ್ನು ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಬಿಡುಗಡೆಯನ್ನು ಕಣ್ಣಾರೆ ಕಾಣದೆಯೇ ತೀರಿಕೊಂಡಿರಬೇಕು. ಅವರ ಭರವಸೆ ಎಂಥದ್ದಾಗಿತ್ತೆಂದು ಒಂದು ಸಂಜೆ ಮಾತನಾಡಿದ್ದರೆ ನಾನೇ ಮುಂದಿನ ಸಾಲಿನಲ್ಲಿ ಹೋಗಿ ಕೂರುತ್ತಿದ್ದೆ.

ಎರಡನೆಯದು ಗಂಭೀರವಾದದ್ದು. ನೋಂದಣಿಯ ಅರ್ಜಿಯಲ್ಲಿ ಸಭೆ ಯಾವುದು, ಎಷ್ಟನೆಯ ಕೂಟ ಎಂಬ ಪ್ರಶ್ನೆಗಳಿದ್ದವೇ ಹೊರತು, ಇತ್ತೀಚೆಗೆ ಯಾರನ್ನಾದರೂ ಕಳೆದುಕೊಂಡಿದ್ದೀರಾ, ಮನಸ್ಸಿನ ಆರೋಗ್ಯಕ್ಕೆ ಚಿಕಿತ್ಸೆ ಪಡೆಯುತ್ತಿದ್ದೀರಾ ಎಂದು ಯಾರೂ ಕೇಳಲಿಲ್ಲ. ಎಂಟು ದಿನಗಳ ಮೌನವು ಎಲ್ಲರಿಗೂ ಒಗ್ಗುವ ಔಷಧವಲ್ಲ. ಮೂರನೆಯ ರಾತ್ರಿ ಕಾರಿಡಾರಿನಲ್ಲಿ ಒಬ್ಬರು ಗೋಡೆಗೆ ಒರಗಿ ಬಿಕ್ಕುತ್ತಾ ಕೂತಿದ್ದರು. ಮೌನ ಮುರಿಯಬಹುದೋ ಬಾರದೋ ಎಂದು ತಿಳಿಯದೆ ನಾನೂ ಇನ್ನಿಬ್ಬರೂ ಪಿಳಿಪಿಳಿ ನೋಡುತ್ತಾ ನಿಂತೆವು. ಕೊನೆಗೆ ಒಬ್ಬರು ನಿಯಮವನ್ನು ಬದಿಗಿಟ್ಟು ಅವರ ಪಕ್ಕದಲ್ಲಿ ಕೂತರು. ಆ ಹೊತ್ತಿನಲ್ಲಿ ಕರೆಯಬೇಕಾದವರು ಯಾರು ಎಂಬ ಒಂದು ಸಾಲಿನ ಸೂಚನೆಯನ್ನು ಕೊಠಡಿಯ ಬಾಗಿಲಿಗೆ ಅಂಟಿಸಿದ್ದರೆ ಸಾಕಾಗಿತ್ತು. ಮೂರನೆಯ ದೂರು ಸಣ್ಣದು: ಕೂಟ ಮುಗಿದ ಒಂದು ತಿಂಗಳಿಗೆ ಮಾರ್ಗದರ್ಶಕರ ಕಡೆಯಿಂದ ದೂರವಾಣಿ ಕರೆ ಬರುತ್ತದೆಂದು ಕರಪತ್ರದಲ್ಲಿ ಬರೆದಿತ್ತು, ಬರಲಿಲ್ಲ. ಮುಂದಿನ ಹಂತದ ಕೂಟಕ್ಕೆ ಸೇರಿಕೊಳ್ಳಿ ಎಂಬ ಸಂದೇಶಗಳು ಮಾತ್ರ ವಾರಕ್ಕೊಂದರಂತೆ ತಪ್ಪದೆ ಬರುತ್ತಿವೆ.

ಆರನೆಯ ದಿನದ ಬಗ್ಗೆ ಬರೆಯಲು ಸ್ವಲ್ಪ ಹಿಂಜರಿಕೆಯಿದೆ. ಬೆಳಗಿನ ಗಂಟೆಯಲ್ಲಿ ಮೂರೇ ವಚನಗಳ 131ನೆಯ ಕೀರ್ತನೆಯನ್ನು ಓದುತ್ತಿದ್ದೆ. ಮೊಲೆ ಬಿಡಿಸಿದ ಮಗು ತಾಯಿಯ ಬಳಿಯಲ್ಲಿ ಸುಮ್ಮನಿರುವ ಚಿತ್ರ ಅಲ್ಲಿದೆ. ಹಾಲಿಗಾಗಿ ಅಳುವ ಕೂಸಲ್ಲ ಅದು. ಬೇಕಾದ್ದನ್ನು ಕೇಳಿ ಅತ್ತು, ಸಿಗದೆ, ಆದರೂ ತಾಯಿಯ ಮಡಿಲಲ್ಲೇ ಉಳಿದ ಮಗು. ದೃಢೀಕರಣ, ಗುರುತು, ವಾಗ್ದಾನದ ವಚನ ಎಂದು ವರ್ಷವಿಡೀ ಅತ್ತು ಕರೆದದ್ದೆಲ್ಲ ನೆನಪಾಗಿ, ಅವುಗಳಲ್ಲಿ ಒಂದೂ ಸಿಗದೆಯೇ ಮನಸ್ಸು ತಿಳಿಯಾಯಿತು. ಹೇಳಲಾಗದ ಹಗುರ. ಅದೇ ಹುರುಪಿನಲ್ಲಿ ಗುರುಗಳ ಬಳಿಗೆ ಹೋಗಿ, ಕೆಲಸದಲ್ಲೇ ಉಳಿಯುತ್ತೇನೆಂದು ದೇವರಿಗೆ ಹರಕೆ ಹೊರುತ್ತೇನೆ, ಪತ್ರವನ್ನು ಇಲ್ಲೇ ಹರಿದುಹಾಕುತ್ತೇನೆ ಎಂದೆ. ಅವರು ಕೈಯೆತ್ತಿ ತಡೆದರು. ಆನಂದದ ಉಬ್ಬರದಲ್ಲಿ ಅವಸರದ ಹರಕೆ ಹೊರಲು ಬಿಡಬಾರದೆಂಬುದೂ ಈ ಪದ್ಧತಿಯ ಎಚ್ಚರಿಕೆಗಳಲ್ಲಿ ಒಂದಂತೆ. ಕತ್ತಲೆಯಲ್ಲಿ ಬರೆದ ಪತ್ರವನ್ನು ಕೊಡಬೇಡಿ, ಬೆಳಕು ಕಣ್ಣಿಗೆ ಕುಕ್ಕುತ್ತಿರುವಾಗ ಹರಿಯಲೂಬೇಡಿ ಎಂದು ಹೇಳಿ ಕುರ್ಚಿಯನ್ನು ಮತ್ತೆ ಕಿಟಕಿಯತ್ತ ತಿರುಗಿಸಿಕೊಂಡರು. ನನಗೆ ಸಿಟ್ಟು ಬಂತೆಂದು ಒಪ್ಪಿಕೊಳ್ಳುತ್ತೇನೆ. ಎಂಟು ದಿನ ಬಂದು ಕೂತವನಿಗೆ ಒಂದು ಉತ್ತರವನ್ನಾದರೂ ಕೊಟ್ಟು ಕಳುಹಿಸಬಾರದೇ ಎಂದು ಆ ದಿನದ ಪುಟದಲ್ಲಿ ಬರೆದಿಟ್ಟಿದ್ದೇನೆ.

ಹಾಗಾದರೆ ಕರಪತ್ರದ ಆಶ್ವಾಸನೆ ಈಡೇರಿತೇ? ಇಲ್ಲ. ಕರೆಯೇನೆಂದು ತಿಳಿಯಲಿಲ್ಲ, ಅದನ್ನು ಎಂಟು ದಿನಗಳಲ್ಲಿ ತಿಳಿಸಿಕೊಡುತ್ತೇವೆ ಎಂದು ಅಚ್ಚುಹಾಕಿಸುವುದೇ ತಪ್ಪು. ಆದರೂ ಈ ಸೇವೆಗೆ ನಾನು ಒಳ್ಳೆಯ ಅಂಕಗಳನ್ನೇ ಕೊಡುತ್ತೇನೆ, ಏಕೆಂದರೆ ಸಭೆಯಲ್ಲಾಗಲಿ ಗೆಳೆಯರಲ್ಲಾಗಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನು ಅಲ್ಲಿ ಒಬ್ಬರು ಕೇಳಿದರು. ಪೂರ್ಣಾವಧಿ ಸೇವೆಯೊಂದೇ ಕರೆ, ಉಳಿದದ್ದೆಲ್ಲ ಹೊಟ್ಟೆಪಾಡು ಎಂಬ ಭಾವನೆ ನನ್ನಂಥವರಲ್ಲಿ ಬೇರೂರಿದೆ; ಚಮ್ಮಾರನಾಗಲಿ ತಾಯಿಯಾಗಲಿ ತಮ್ಮ ನಿತ್ಯದ ಕೆಲಸದಲ್ಲೇ ದೇವರ ಕರೆಗೆ ಓಗೊಡುತ್ತಾರೆ ಎಂದು ಸಾರಿದ ಮಾರ್ಟಿನ್ ಲೂಥರ್ ನಮ್ಮ ಪರಂಪರೆಯವರೇ ಎಂಬುದನ್ನು ಕಥೋಲಿಕ ಗುರುಗಳೊಬ್ಬರ ಕೊಠಡಿಯಲ್ಲಿ ಕೂತು ನೆನಪಿಸಿಕೊಳ್ಳಬೇಕಾದದ್ದು ಸ್ವಲ್ಪ ತಮಾಷೆಯೂ ಹೌದು.

ಹೋಗಬೇಕೆಂದಿರುವವರು ಮೊದಲು ಮಾರ್ಗದರ್ಶಕರು ಯಾರು, ದಿನಕ್ಕೊಮ್ಮೆ ಪ್ರತ್ಯೇಕ ಭೇಟಿ ಖಂಡಿತವೇ ಎಂದು ವಿಚಾರಿಸಿಕೊಳ್ಳಿ. ಅದಿಲ್ಲದ ಕಡೆ ಬರೀ ಪ್ರವಚನವೇ ಗತಿ. ದುಃಖ ಇನ್ನೂ ಹಸಿಯಾಗಿರುವವರು ವಾರಾಂತ್ಯದ ಕೂಟದಿಂದ ಆರಂಭಿಸುವುದು ಒಳ್ಳೆಯದು. ಮನೆ ಮತ್ತು ಕೆಲಸ ಬಿಟ್ಟು ಹೋಗಲಾಗದವರಿಗೆ ಇದೇ ಸಾಧನೆಯನ್ನು ದಿನಕ್ಕೆ ಒಂದೂವರೆ ಗಂಟೆಯಂತೆ ತಿಂಗಳುಗಟ್ಟಲೆ ನಿತ್ಯಜೀವನದ ನಡುವೆಯೇ ಮಾಡುವ ಕ್ರಮವನ್ನೂ ಇಗ್ನೇಷಿಯಸರೇ ಹೇಳಿಟ್ಟಿದ್ದಾರೆ. ಮೂರು ತಿಂಗಳು ಕಾದು ನಾನೇ ಗುರುಗಳಿಗೆ ಫೋನು ಮಾಡಿ, ಈಗ ಆ ಕ್ರಮವನ್ನು ಹಿಡಿದಿದ್ದೇನೆ. ಸದ್ದು ಮಾಡದ ಗಡಿಯಾರವೊಂದನ್ನು ಕೊಂಡಿದ್ದೇನೆ.

ಬಡ್ತಿ ಪಡೆದವನ ಪಕ್ಕದ ಮೇಜಿನಲ್ಲೇ ನನ್ನ ಕೆಲಸ ಮುಂದುವರಿದಿದೆ. ಲಕೋಟೆ ಸತ್ಯವೇದದ ಹಿಂದಿನ ರಟ್ಟಿನೊಳಗಿದೆ. ಕಳೆದ ವಾರ ತೆಗೆದು ನೋಡಿದಾಗ ಪತ್ರದ ಮೇಲಿದ್ದ ತಾರೀಖು ಕಣ್ಣಿಗೆ ಬಿತ್ತು. ಇನ್ನು ಕೊಡುವುದೇ ಆದರೆ ಹೊಸದಾಗಿ ಬರೆಯಬೇಕು.